ಅದೃಷ್ಟಕ್ಕೆ ಹಾಸಿದ ಮೇಜು

(ಆಧಾರ ವಾಕ್ಯ: ಯೆಶಾಯ ೬೫ನೆಯ ಅಧ್ಯಾಯ, ೧೧ನೆಯ ವಚನ. ಓದತಕ್ಕ ಭಾಗ: ಯೋಹಾನ ೧೯: ೨೩, ೨೪.)



ತುಮಕೂರಿನಿಂದ ಶಿರಾ ಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕೋರಾ ಹೋಬಳಿಗೆ ಸೇರಿದ ವಸಂತನರಸಾಪುರವೆಂಬ ಊರುಂಟು. ಹಿಂದೆ ರಾಗಿಯೂ ಅವರೆಯೂ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಕಾರ್ಖಾನೆಗಳು ಎದ್ದು ನಿಂತಿವೆ. ೨೦೧೪ನೆಯ ಇಸವಿ ಸೆಪ್ಟೆಂಬರ್ ೨೪ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅಲ್ಲಿಯ ಆಹಾರ ಪಾರ್ಕನ್ನು ಉದ್ಘಾಟಿಸಿದರು. ಸುತ್ತಲಿನ ಹಳ್ಳಿಗಳ ಯೌವನಸ್ಥರು ಮುಂಜಾನೆ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಮಳೆಯನ್ನೇ ನೋಡುತ್ತಿದ್ದ ಮನೆಗಳಿಗೆ ತಿಂಗಳಿಗೊಮ್ಮೆ ಸಂಬಳವು ಬರುವದು ದೇವರ ಉಪಕಾರವೇ ಸರಿ. ಅದಕ್ಕಾಗಿ ಆತನಿಗೆ ಸ್ತೋತ್ರ.

ಆದರೆ ಆ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ವಿಧವೆಯು ಒಂದು ಸಾಯಂಕಾಲ ನನ್ನನ್ನು ತಡೆದು, "ಅಯ್ಯನವರೇ, ನನ್ನ ಮಗನು ಕುಡಿಯುವವನಲ್ಲ, ಬೀಡಿ ಸೇದುವವನಲ್ಲ. ಕೆಲಸ ಬಿಟ್ಟ ಕೂಡಲೆ ಮನೆಗೆ ಬರುತ್ತಾನೆ. ಆದರೂ ಸಂಬಳವು ಎಲ್ಲಿಗೆ ಹೋಗುತ್ತದೋ ಕಾಣೆನು" ಎಂದು ಹೇಳಿದಳು. ನನಗೆ ಬಸ್ಸಿನ ಹೊತ್ತಾಗಿತ್ತು. "ಪ್ರಾರ್ಥನೆ ಮಾಡೋಣ, ಅಮ್ಮಾ" ಎಂದು ಹೇಳಿ ನಾನು ಹೊರಟುಹೋದೆನು. ಅವಳ ಮಗನು ರಾತ್ರಿಯೆಲ್ಲಾ ಕಂಬಳಿ ಮುಸುಕು ಹಾಕಿಕೊಂಡು ಕೈಯಲ್ಲಿದ್ದ ಫೋನಿನಲ್ಲಿ ಜೂಜಾಡುತ್ತಿದ್ದನೆಂಬದು ಆರು ತಿಂಗಳ ಮೇಲೆ ತಿಳಿಯಿತು. ಅಷ್ಟರೊಳಗೆ ತಾಯಿಯ ಓಲೆಗಳು ಅಡವಿಗೆ ಹೋಗಿದ್ದವು. ಫೋನಿನ ಮೂಲಕವೇ ಸಾಲ ಕೊಡುವವರಿಗೆ ಅವನು ೨ ಲಕ್ಷ ರೂಪಾಯಿಗಿಂತ ಹೆಚ್ಚು ತೆರಬೇಕಾಗಿತ್ತು. ಆ ದಿವಸ ನಾನು ಕುಳಿತು ಒಂದು ಪ್ರಶ್ನೆಯನ್ನಾದರೂ ಕೇಳಿದ್ದರೆ! ಆದದರಿಂದ ಈ ಪ್ರಸಂಗವನ್ನು ನನ್ನ ತಪ್ಪಿಗೆ ಪ್ರಾಯಶ್ಚಿತ್ತವೆಂದಲ್ಲ, ನಿಮಗೆ ಎಚ್ಚರಿಕೆಯೆಂದು ಬರೆಯುತ್ತೇನೆ.

ಪ್ರವಾದಿಯಾದ ಯೆಶಾಯನು ನಮ್ಮ ಆಧಾರ ವಾಕ್ಯದಲ್ಲಿ, ಕರ್ತನನ್ನು ಬಿಟ್ಟು ಎರಡು ದೇವತೆಗಳಿಗೆ ಔತಣದ ಮೇಜನ್ನು ಹಾಸಿದ ಜನರನ್ನು ಗದರಿಸುತ್ತಾನೆ. ಇಬ್ರಿಯ ಭಾಷೆಯಲ್ಲಿ ಅವುಗಳ ಹೆಸರು ಗಾದ್, ಮೆನೀ. ಒಂದರ ಅರ್ಥ ಅದೃಷ್ಟ. ಇನ್ನೊಂದರ ಅರ್ಥ ಹಣೆಯಲ್ಲಿ ಬರೆದ ಪಾಲು. ಆ ದೇವತೆಗಳ ಗುಡಿಗಳು ಬಿದ್ದುಹೋಗಿ ಸಾವಿರಾರು ವರುಷಗಳಾದವು. ಮೇಜನ್ನು ಮಾತ್ರ ಇನ್ನೂ ತೆಗೆದಿಲ್ಲ. ಅದನ್ನು ಈಗ ಹಸುರು ಬಟ್ಟೆ ಹಾಸಿ ಇಟ್ಟಿದ್ದಾರೆ.

ಮೊದಲನೆಯದಾಗಿ, ಈ ಮೇಜನ್ನು ಹೇಗೆ ಹಾಸುತ್ತಾರೆಂಬದನ್ನು ನೋಡೋಣ.

ದೊಡ್ಡ ಜೂಜಿನ ಮನೆಗೆ ಕ್ಯಾಸಿನೊ ಎಂದು ಹೆಸರು. ೧೬೩೮ರಲ್ಲಿ ವೆನಿಸ್ ಪಟ್ಟಣದ ಸರ್ಕಾರವೇ ಇಂಥದೊಂದು ಮನೆಯನ್ನು ತೆರೆಯಿತು. ಅಮೇರಿಕದ ನೆವಾಡ ಸಂಸ್ಥಾನವು ೧೯೩೧ರಲ್ಲಿ ಜೂಜಿಗೆ ಅಪ್ಪಣೆ ಕೊಡಲಾಗಿ ಮರಳುಗಾಡಿನ ನಡುವೆ ಲಾಸ್ ವೇಗಸ್ ಎಂಬ ಪಟ್ಟಣವು ಬೆಳೆಯಿತು. ನಮ್ಮ ಕರ್ನಾಟಕದಲ್ಲಿ ೧೯೬೩ರ ಪೊಲೀಸ್ ಕಾಯಿದೆಯ ಪ್ರಕಾರ ಜೂಜಿನ ಮನೆಯನ್ನು ನಡಿಸುವದು ಅಪರಾಧ. ಆದರೆ ನೆರೆಯ ಗೋವೆಯಲ್ಲಿ ೧೯೭೬ರ ಜೂಜು ಕಾಯಿದೆಯನ್ನು ೧೯೯೨ರಲ್ಲಿ ತಿದ್ದಿ, ದೊಡ್ಡ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ಅಪ್ಪಣೆ ಕೊಟ್ಟರು. ೧೯೯೬ರಲ್ಲಿ ಹಡಗುಗಳ ಮೇಲೆ ಮೇಜಿನಾಟಗಳಿಗೂ ಕೊಟ್ಟರು. ಪಣಜಿಯ ಮಾಂಡೋವಿ ನದಿಯಲ್ಲಿ ಆ ಹಡಗುಗಳು ರಾತ್ರಿಯೆಲ್ಲಾ ದೀಪ ಹೊತ್ತಿಸಿಕೊಂಡು ನಿಂತಿವೆ. ವಸಂತನರಸಾಪುರದ ಮುಂದೆ ಹಾದುಹೋಗುವ ಹೆದ್ದಾರಿಯೇ ಹುಬ್ಬಳ್ಳಿ ಧಾರವಾಡಗಳ ಮೇಲೆ ಬೆಳಗಾವಿಗೆ ಹೋಗುತ್ತದೆ. ಅಲ್ಲಿಂದ ಘಟ್ಟವನ್ನಿಳಿದರೆ ಗೋವೆ. ದಾರಿಯು ಸುಲಭವೇ.

ಒಳಗೆ ಹೋದವನಿಗೆ ಆಗುವದೇನು? ಬಾಗಲಲ್ಲಿ ಪ್ರವೇಶದ ಹಣವನ್ನು ತೆಗೆದುಕೊಳ್ಳುತ್ತಾರೆ. ಅದಕ್ಕೆ ಬದಲಾಗಿ ಊಟ, ಪಾನ, ಹಾಡು, ಕುಣಿತ ಎಲ್ಲವೂ ಉಂಟು. ಅವನ ರೂಪಾಯಿಗಳನ್ನು ತೆಗೆದುಕೊಂಡು ಬಣ್ಣದ ಬಿಲ್ಲೆಗಳನ್ನು ಕೊಡುತ್ತಾರೆ. ಯಾಕಂದರೆ ಬೆವರು ಸುರಿಸಿ ದುಡಿದ ನೋಟನ್ನು ಕೈಯಿಂದ ಬಿಡುವಾಗ ಮನಸ್ಸು ನೋಯುವದು. ಬಿಲ್ಲೆಯನ್ನು ಬಿಡುವಾಗ ನೋಯುವದಿಲ್ಲ. ಇಂಥ ಅನೇಕ ಮನೆಗಳಲ್ಲಿ ಗೋಡೆಗೆ ಗಡಿಯಾರವಿಲ್ಲ, ಹೊರಗೆ ನೋಡುವದಕ್ಕೆ ಕಿಟಿಕಿಯಿಲ್ಲ. ಹೊತ್ತು ಮೂಡಿತೋ ಮುಳುಗಿತೋ ತಿಳಿಯದು. ಮದ್ಯವನ್ನು ಕ್ರಯವಿಲ್ಲದೆ ತಂದುಕೊಡುತ್ತಾರೆ. ಬುದ್ಧಿ ಮಂಕಾದವನು ಎರಡರಷ್ಟು ಪಣವೊಡ್ಡುವನೆಂದು ಅವರು ಬಲ್ಲರು. ಹೆಚ್ಚು ಸೋಲುವವನಿಗೆ ಹೆಚ್ಚು ಮರ್ಯಾದೆ. ಅವನಿಗೆ ಪುಕ್ಕಟೆ ಕೋಣೆ, ಪುಕ್ಕಟೆ ವಾಹನ. ಹಬ್ಬಕ್ಕೆ ಕೊಯ್ಯುವ ಕುರಿಗೆ ನಾವೂ ಒಳ್ಳೇ ಮೇವನ್ನೇ ಹಾಕುತ್ತೇವಲ್ಲವೋ?

ಎರಡನೆಯದಾಗಿ, ಈ ಮೇಜಿನ ಲೆಕ್ಕವನ್ನು ನೋಡೋಣ.

ರೂಲೆಟ್ ಎಂಬ ಒಂದು ಚಕ್ರವುಂಟು. ಯೂರೋಪಿನ ರೀತಿಯ ಚಕ್ರದಲ್ಲಿ ಸೊನ್ನೆಯಿಂದ ೩೬ರ ವರೆಗೆ ೩೭ ಗುಳಿಗಳು. ಚಕ್ರವನ್ನು ತಿರುಗಿಸಿ ಚಿಕ್ಕ ಗುಂಡನ್ನು ಬಿಡುತ್ತಾರೆ. ಗುಂಡು ಬಿದ್ದ ಅಂಕೆಗೆ ಹಣ ಕಟ್ಟಿದವನು ಗೆದ್ದನು. ಗೆದ್ದವನಿಗೆ ಒಂದಕ್ಕೆ ೩೫ರಂತೆ ಕೊಡುತ್ತಾರೆ. ಕೇಳಿದರೆ ಆಶೆಯಾಗುವದು. ಆದರೆ ೩೭ ಮಂದಿ ಒಂದೊಂದು ಅಂಕೆಗೆ ೧೦೦ ರೂಪಾಯಿನಂತೆ ಕಟ್ಟಿದರೆನ್ನಿರಿ. ಮೇಜಿನ ಮೇಲೆ ೩,೭೦೦ ರೂಪಾಯಿ ಆಯಿತು. ಗೆದ್ದ ಒಬ್ಬನಿಗೆ ೩,೫೦೦, ಅವನು ಕಟ್ಟಿದ ೧೦೦, ಕೂಡಿ ೩,೬೦೦ ಸಲ್ಲುವದು. ಉಳಿದ ೧೦೦ ಯಾರದು? ಆಡದೆ ನಿಂತ ಮನೆಯವನದು. ಯಾರು ಗೆದ್ದರೂ ಯಾರು ಸೋತರೂ ಅವನಿಗೆ ಚಿಂತೆಯಿಲ್ಲ. ನೂರಕ್ಕೆ ಮೂರು ರೂಪಾಯಿಗಿಂತಲೂ ಕಡಿಮೆಯಲ್ಲವೇ, ಅದೇನು ದೊಡ್ಡದು ಎಂದೀರಿ. ಆದರೆ ಚಕ್ರವು ಒಂದೇ ಸಾರಿ ತಿರುಗಿ ನಿಲ್ಲುವದಿಲ್ಲ. ಒಬ್ಬನು ಗಂಟೆಗೆ ೪೦ ಸಾರಿ ನೂರು ನೂರಾಗಿ ಕಟ್ಟಿದರೆ ೪,೦೦೦ ರೂಪಾಯಿಯನ್ನು ಮೇಜಿಗೆ ಒಡ್ಡಿದಂತಾಯಿತು. ಅದರಲ್ಲಿ ಸರಾಸರಿ ೧೦೮ ರೂಪಾಯಿ ಪ್ರತಿ ಗಂಟೆಗೂ ಸವೆದುಹೋಗುವದು. ಒಂದು ದಿವಸ ಗೆದ್ದಾನು, ಎರಡು ದಿವಸ ಗೆದ್ದಾನು. ಬಹಳ ದಿವಸ ಆಡಿದವನನ್ನು ಲೆಕ್ಕವು ಬಿಡುವದಿಲ್ಲ. ಅದೃಷ್ಟವೆಂಬದು ಆಡುವವನ ನಂಬಿಕೆ. ಆಡಿಸುವವನು ನಂಬುವದು ಗಣಿತವನ್ನು.

ಹಳ್ಳಿಯ ನಮಗೆ ಗೋವೆಯ ಹಡಗು ಯಾತಕ್ಕೆ ಎಂದು ಹೇಳಬೇಡಿರಿ. ನಮ್ಮ ಸಂತೆಬೀದಿಯ ಮಟ್ಕಾ ಅದಕ್ಕಿಂತ ಕ್ರೂರವಾದದ್ದು. ಒಂದು ಅಂಕೆಗೆ ರೂಪಾಯಿ ಕಟ್ಟಿದರೆ ಸಾಮಾನ್ಯವಾಗಿ ೯ ರೂಪಾಯಿ, ಜೋಡಿ ಅಂಕೆಗೆ ಕಟ್ಟಿದರೆ ೯೦ ರೂಪಾಯಿ ಎನ್ನುತ್ತಾರೆ. ಅಂಕೆಗಳು ಹತ್ತು, ಜೋಡಿಗಳು ನೂರು. ಹಾಗಾದರೆ ಎಲ್ಲಾ ಜೋಡಿಗಳಿಗೂ ಒಂದೊಂದು ರೂಪಾಯಿ ಬಂದರೆ ನೂರರಲ್ಲಿ ಹತ್ತು ಚೀಟಿ ಬರೆಯುವವನ ಕಡೆಗೆ ಉಳಿಯುವದು. ಈ ಆಟವು ಬಂದದ್ದಾದರೂ ಎಲ್ಲಿಂದ? ಮುಂಬಯಿಯಲ್ಲಿ ಮೊದಲು ನ್ಯೂಯಾರ್ಕಿನಿಂದ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ಧಾರಣೆಯ ಮೇಲೆ ಪಣ ಕಟ್ಟುತ್ತಿದ್ದರು. ೧೯೬೦ರ ದಶಕದಲ್ಲಿ ಮಡಕೆಯೊಳಗಿಂದ ಚೀಟಿ ಎತ್ತುವ ಪದ್ಧತಿ ಬಂತು. ಮಡಕೆಗೆ ಅಲ್ಲಿಯ ಮಾತಿನಲ್ಲಿ ಮಟ್ಕಾ. ಅದನ್ನು ಹೆಚ್ಚಾಗಿ ಆಡಿದವರು ಹತ್ತಿಯ ಗಿರಣಿಗಳ ಕೂಲಿಯವರು. ಇದನ್ನು ಚೆನ್ನಾಗಿ ಗಮನಿಸಿರಿ. ಎಲ್ಲಿ ಗಿರಣಿಯುಂಟೋ ಅಲ್ಲಿ ಸಂಬಳವುಂಟು. ಎಲ್ಲಿ ಸಂಬಳವುಂಟೋ ಅಲ್ಲಿಗೆ ಜೂಜು ಹುಡುಕಿಕೊಂಡು ಬರುವದು. ಅಂದು ಮುಂಬಯಿಯ ಗಿರಣಿಯ ಬಾಗಲಿಗೆ ಬಂದದ್ದು ಇಂದು ನಮ್ಮ ಕಾರ್ಖಾನೆಗಳ ಬಾಗಲಿಗೂ ಬರುವದು. ಭೂಮಿಯನ್ನು ಕಾರ್ಖಾನೆಗೆ ಕೊಟ್ಟು ಪರಿಹಾರದ ಹಣವನ್ನು ಪಡೆದ ಮನೆಯವರಂತೂ ಇನ್ನೂ ಎಚ್ಚರವಾಗಿರಬೇಕು. ಅಜ್ಜನ ಕಾಲದಿಂದ ಬಂದ ಹೊಲವನ್ನು ಒಂದು ರಾತ್ರಿಯಲ್ಲಿ ಯಾರೂ ಸೋಲಲಾರರು. ಅದರ ಕ್ರಯವನ್ನು ಸೋಲಬಹುದು.

ಮೂರನೆಯದಾಗಿ, ಈ ಮೇಜು ಮನುಷ್ಯನ ಮನಸ್ಸನ್ನು ಹಿಡಿಯುವ ಬಗೆಯನ್ನು ನೋಡೋಣ.

ಲೆಕ್ಕವು ಹೀಗಿರಲಾಗಿ ಬುದ್ಧಿಯುಳ್ಳವರು ಯಾಕೆ ಏಳುವದಿಲ್ಲ? ಸ್ಕಿನ್ನರ್ ಎಂಬ ಅಮೇರಿಕದ ವಿದ್ವಾಂಸನು ಪಾರಿವಾಳಗಳನ್ನಿಟ್ಟು ಇದನ್ನು ಪರೀಕ್ಷಿಸಿದನು. ಒಂದು ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುವಂತೆ ಮಾಡಿದನು. ಪ್ರತಿಸಾರಿಯೂ ಕಾಳು ಬಿದ್ದು, ಆ ಮೇಲೆ ನಿಂತುಹೋದರೆ, ಪಕ್ಷಿಯು ಬೇಗನೆ ಕುಕ್ಕುವದನ್ನು ಬಿಡುವದು. ಆದರೆ ಎಷ್ಟನೆಯ ಸಾರಿಗೆ ಬೀಳುವದೋ ತಿಳಿಯದಂತೆ ಮಾಡಿದಾಗ ಅದು ಬಿಡುವಿಲ್ಲದೆ ಕುಕ್ಕಿತು. ಕಾಳು ನಿಂತುಹೋದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಜೂಜಿನ ಯಂತ್ರವು ಈ ರೀತಿಯಲ್ಲಿಯೇ ಕೆಲಸ ಮಾಡುತ್ತದೆ. ಮೂರು ಚಿತ್ರಗಳು ಒಂದೇ ಆಗಬೇಕಾದಲ್ಲಿ ಎರಡು ಕೂಡಿ ಮೂರನೆಯದು ಒಂದು ಕೂದಲೆಳೆಯಲ್ಲಿ ತಪ್ಪುವದು. ಸೋತವನು 'ಸೋತೆನು' ಅನ್ನುವದಿಲ್ಲ, 'ಇನ್ನೇನು ಗೆಲ್ಲುತ್ತಿದ್ದೆನು' ಅನ್ನುತ್ತಾನೆ.

ಮತ್ತೊಂದು ಮೋಸವುಂಟು. ೧೯೧೩ನೆಯ ಇಸವಿ ಆಗಸ್ಟ್ ೧೮ರಂದು ಮಾಂಟೆ ಕಾರ್ಲೊ ಎಂಬಲ್ಲಿಯ ಕ್ಯಾಸಿನೊದಲ್ಲಿ ರೂಲೆಟಿನ ಗುಂಡು ಒಂದೇ ಸಮನೆ ೨೬ ಸಾರಿ ಕಪ್ಪು ಗುಳಿಯಲ್ಲಿಯೇ ಬಿತ್ತು. ಇಷ್ಟು ಸಾರಿ ಕಪ್ಪು ಬಿದ್ದ ಮೇಲೆ ಈಗ ಕೆಂಪು ಬೀಳಲೇಬೇಕೆಂದು ಜನರು ಮುಗಿಬಿದ್ದು ಕೆಂಪಿಗೆ ಕಟ್ಟಿದರು. ಪ್ರತಿಸಾರಿಯೂ ಇನ್ನಷ್ಟು ಕಟ್ಟಿದರು. ರಾಶಿ ರಾಶಿ ಹಣವನ್ನು ಕಳಕೊಂಡರು. ಗುಂಡಿಗೆ ನೆನಪಿಲ್ಲ, ಪ್ರಿಯರೇ. ಹಿಂದೆ ಯಾರು ಎಷ್ಟು ಸೋತರೆಂದು ಅದು ಎಣಿಸುವದಿಲ್ಲ; ಅದಕ್ಕೆ ಕನಿಕರವೂ ಇಲ್ಲ. 'ಇಷ್ಟು ಸೋತಿದ್ದೇನೆ, ಇನ್ನು ಗೆಲ್ಲಲೇಬೇಕು' ಎಂಬ ಮಾತು ಜೂಜುಗಾರನ ಬಾಯಿಂದ ಬಂದ ದಿವಸ ಅವನ ಕುತ್ತಿಗೆಗೆ ಉರುಲು ಬಿತ್ತೆಂದು ತಿಳಿಯಿರಿ.

ಇದು ಕೆಟ್ಟವರಿಗೆ ಮಾತ್ರ ಬರುವ ರೋಗವೂ ಅಲ್ಲ. ನಮ್ಮ ದೇಶದಲ್ಲಿ ಪಗಡೆಯಾಡಿ ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಕಡೆಗೆ ಹೆಂಡತಿಯನ್ನೂ ಒಡ್ಡಿದವನು ದುರ್ಯೋಧನನಲ್ಲ, ಧರ್ಮರಾಯನೆಂದು ಹೆಸರುಗೊಂಡವನೇ. ಈ ಕಥೆಯನ್ನು ಬಯಲಾಟದಲ್ಲಿ ನೋಡಿ ಬೆಳೆದ ನಾವು ಅದರ ಬುದ್ಧಿಯನ್ನು ಮಾತ್ರ ಮರೆತೆವು. ೨೦೧೩ರಲ್ಲಿ ಅಮೇರಿಕದ ಮನೋವೈದ್ಯರು ತಮ್ಮ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟವನ್ನು ಮದ್ಯದ ಚಟದ ಸಾಲಿನಲ್ಲಿಯೇ ಸೇರಿಸಿದರು.

ಈಗಲಾದರೋ ಆ ಹಡಗು ನದಿಯನ್ನು ಬಿಟ್ಟು ನಮ್ಮ ಜೇಬಿಗೆ ಬಂದಿದೆ. ಹಿಂದೆ ಅಂದರ್ ಬಾಹರ್ ಆಡುವವರು ತೋಪಿನ ಮರೆಯನ್ನು ಹುಡುಕಬೇಕಾಗಿತ್ತು. ನೆರೆಯವರು ಕಾಣುತ್ತಿದ್ದರು, ಪೊಲೀಸರು ಬರುತ್ತಿದ್ದರು, ಕತ್ತಲಾದರೆ ಆಟ ನಿಲ್ಲುತ್ತಿತ್ತು. ಫೋನಿನ ಜೂಜಿಗೆ ಕತ್ತಲಿಲ್ಲ, ಸಾಕ್ಷಿಯಿಲ್ಲ. ಮೊದಲು ಪುಕ್ಕಟೆ ಹಣವೆಂದು ಸ್ವಲ್ಪ ಕೊಡುತ್ತಾರೆ, ಚಿಕ್ಕ ಗೆಲುವನ್ನು ತೋರಿಸುತ್ತಾರೆ. ಆ ಮೇಲೆ ಬೆರಳನ್ನು ಒತ್ತಿದರೆ ಬ್ಯಾಂಕಿನ ಹಣವೇ ಹರಿದುಹೋಗುವದು.

ಸರ್ಕಾರವು ಸುಮ್ಮನೆ ಕುಳಿತಿಲ್ಲ. ಕರ್ನಾಟಕವು ೨೦೦೭ರಲ್ಲಿ ಲಾಟರಿಯನ್ನು ನಿಲ್ಲಿಸಿತು. ೨೦೨೧ರಲ್ಲಿ ಫೋನಿನ ಜೂಜನ್ನೂ ನಿಷೇಧಿಸಿತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿ ೧೪ರಂದು ರದ್ದುಮಾಡಿತು. ಆ ಮೇಲೆ ೨೦೨೫ರ ಆಗಸ್ಟ್ ತಿಂಗಳಲ್ಲಿ ಭಾರತದ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ೨೨ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಇಂಥ ಆಟಗಳಿಂದ ಜನರು ೨೦,೦೦೦ ಕೋಟಿ ರೂಪಾಯಿಗಳ ಮಟ್ಟಿಗೆ ಕಳಕೊಂಡರೆಂಬದು ಆಗ ಸರ್ಕಾರವು ಹೇಳಿದ ಅಂದಾಜು. ಆಡಿಸುವವನಿಗೆ ೩ ವರುಷದ ವರೆಗೆ ಸೆರೆ, ೧ ಕೋಟಿಯ ವರೆಗೆ ದಂಡ. ಆಡಿ ಸೋತವನನ್ನು ಆ ಕಾಯಿದೆಯು ಶಿಕ್ಷಿಸುವದಿಲ್ಲ. ಒಳ್ಳೇ ಕಾಯಿದೆಯೇ. ಆದರೆ ಕಾಯಿದೆಯು ಬಾಗಲಿಗೆ ಬೀಗ ಹಾಕಬಲ್ಲದು. ಒಳಗಿರುವ ಆಶೆಗೆ ಹಾಕಲಾರದು. ಅದು ಕಳ್ಳ ದಾರಿಯನ್ನು ಹುಡುಕುವದು.

ಇಲ್ಲಿ ಕೆಲವರು ಆಕ್ಷೇಪಣೆಗಳನ್ನು ಹೇಳುವರು.

'ಅಪೊಸ್ತಲರೂ ಚೀಟು ಹಾಕಲಿಲ್ಲವೋ?' ಹಾಕಿದರು, ನಿಜ. ಯೂದನ ಸ್ಥಾನಕ್ಕೆ ಒಬ್ಬನನ್ನು ನೇಮಿಸುವದಕ್ಕಾಗಿ ಪ್ರಾರ್ಥಿಸಿ ಹಾಕಿದರು. ಮತ್ತೀಯನಿಗೆ ಆ ಚೀಟಿನಿಂದ ಹಣ ಬರಲಿಲ್ಲ, ಸೇವೆ ಬಂತು. ಚೀಟು ಬೀಳದವನು ಏನನ್ನೂ ಕಳಕೊಳ್ಳಲಿಲ್ಲ.

'ಮಳೆಯನ್ನು ನಂಬಿ ಬಿತ್ತುವದೂ, ಸಾಲ ಮಾಡಿ ಕೊಳವೆಬಾವಿ ಕೊರೆಯಿಸುವದೂ ಜೂಜಲ್ಲವೋ?' ನಮ್ಮ ಸೀಮೆಯ ರೈತನು ಹೀಗೆ ಕೇಳಿದರೆ ನಾನು ನಗಲಾರೆನು. ಬತ್ತಿದ ಬಾವಿಗಳನ್ನು ನಾನೂ ನೋಡಿದ್ದೇನೆ. ಆದರೂ ವ್ಯತ್ಯಾಸವುಂಟು. ನನ್ನ ಹೊಲದಲ್ಲಿ ರಾಗಿ ಬೆಳೆದರೆ ನೆರೆಯವನ ಕಣಜವು ಬರಿದಾಗುವದಿಲ್ಲ. ಭೂಮಿಯು ಇಲ್ಲದ್ದನ್ನು ಹುಟ್ಟಿಸಿ ಕೊಡುತ್ತದೆ. ಜೂಜಿನ ಮೇಜಿನಲ್ಲಿ ಒಂದು ಕಾಳೂ ಹುಟ್ಟುವದಿಲ್ಲ. ಒಬ್ಬನು ಗೆದ್ದ ಹಣವೆಲ್ಲಾ ಇನ್ನೊಬ್ಬನ ಮಕ್ಕಳ ಊಟವೇ. ಹಾಗಾದರೆ ಗೆಲ್ಲಬೇಕೆಂದು ಆಶಿಸುವವನು ನೆರೆಯವನು ಸೋಲಲೆಂದು ಆಶಿಸಿದಂತಾಯಿತು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯನ್ನು ಪಡೆದವನು ಆ ಮೇಜಿನಲ್ಲಿ ಹೇಗೆ ಕುಳಿತಾನು?

'ಗೆದ್ದರೆ ದಶಮಾಂಶವನ್ನು ಕೊಡುತ್ತೇನೆ' ಎಂದು ಮತ್ತೊಬ್ಬನು ಹೇಳಿದನು. ದೇವರು ಬಡವನಲ್ಲ, ಸಹೋದರನೇ. ವಿಧವೆಯ ಎರಡು ಕಾಸುಗಳನ್ನು ಮೆಚ್ಚಿದ ಕರ್ತನಿಗೆ ಇನ್ನೊಬ್ಬ ವಿಧವೆಯ ಓಲೆಯಿಂದ ಬಂದ ಹಣವು ಬೇಡ.

ಕಡೆಯದಾಗಿ, ನಾವು ಮಾಡತಕ್ಕದ್ದೇನು?

ಇನ್ನೂ ಆಡದವರಿಗೆ ಹೇಳುವದು: ಹತ್ತು ರೂಪಾಯಿಯ ಆಟಕ್ಕೂ ಕೈ ಹಾಕಬೇಡಿರಿ. ಸೋತವನಿಗಿಂತ ಮೊದಲ ಆಟದಲ್ಲಿ ಗೆದ್ದವನೇ ಹೆಚ್ಚು ಅಪಾಯದಲ್ಲಿದ್ದಾನೆ. ಯುಗಾದಿ ದೀಪಾವಳಿಗಳಲ್ಲಿ ಊರವರೊಡನೆ ಇಸ್ಪೀಟಿಗೆ ಕೂತುಕೊಳ್ಳುವದು ಸ್ನೇಹಕ್ಕಾಗಿ ಎಂದು ಹೇಳಬೇಡಿರಿ. ಸ್ನೇಹಕ್ಕೆ ಒಂದು ಲೋಟ ಕಾಫಿ ಸಾಕು.

ಈಗಾಗಲೇ ಸಿಕ್ಕಿಬಿದ್ದವರಿಗೆ ಹೇಳುವದು: ಕಳಕೊಂಡದ್ದನ್ನು ಆಡಿ ತರುವೆನೆಂಬ ಯೋಚನೆಯನ್ನು ಈಹೊತ್ತೇ ಬಿಡಿರಿ. ಮನೆಯವರಲ್ಲಿ ಒಬ್ಬರಿಗಾದರೂ ಸಾಲದ ಪೂರ್ತಿ ಲೆಕ್ಕವನ್ನು ಹೇಳಿರಿ. ಅರ್ಧ ಹೇಳಿದವನು ಉಳಿದ ಅರ್ಧವನ್ನು ಮುಚ್ಚುವದಕ್ಕಾಗಿ ಮತ್ತೆ ಆಡುವನು. ಸಂಬಳವು ಕೆಲವು ಕಾಲ ತಾಯಿಯ ಅಥವಾ ಹೆಂಡತಿಯ ಕೈಸೇರಲಿ. ವೈದ್ಯರ ಸಹಾಯವನ್ನು ಕೇಳುವದಕ್ಕೆ ನಾಚಬೇಡಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಫೋನಿನ ಚಟಕ್ಕೆಂದೇ ೨೦೧೪ರಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆದರು. ೨೦೨೨ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಎಂಬ ಸೇವೆಗೆ ೧೪೪೧೬ ಎಂಬ ಅಂಕೆಯನ್ನು ಒತ್ತಿದರೆ ಹಗಲಾಗಲಿ ರಾತ್ರಿಯಾಗಲಿ ಕನ್ನಡದಲ್ಲಿಯೇ ಮಾತಾಡಬಹುದು, ಅದಕ್ಕೆ ಹಣವಿಲ್ಲ. ಕೇಡಿಗೆ ಉಪಯೋಗವಾದ ಅದೇ ಫೋನು ಮೇಲಿಗೂ ಉಪಯೋಗವಾಗಲಿ. ಸಾಲದ ಭಯದಿಂದ ಪ್ರಾಣವನ್ನು ಕಳಕೊಳ್ಳುವ ಯೋಚನೆ ಯಾರಿಗಾದರೂ ಬಂದಿದ್ದರೆ, ಈ ಪತ್ರಿಕೆಯನ್ನು ಕೆಳಗಿಟ್ಟು ಈಗಲೇ ಒಬ್ಬರೊಡನೆ ಮಾತಾಡಿರಿ. ಯಾವ ಸಾಲವೂ ನಿಮ್ಮ ಪ್ರಾಣದಷ್ಟು ದೊಡ್ಡದಲ್ಲ.

ಸಭೆಯ ಹಿರಿಯರಿಗೂ ನನಗೂ ಹೇಳುವದು: 'ಪ್ರಾರ್ಥನೆ ಮಾಡೋಣ' ಎಂದು ಹೇಳಿ ಬಸ್ಸಿಗೆ ಓಡಬೇಡಿರಿ. ಕುಳಿತು ಕೇಳಿರಿ. ತಪ್ಪೊಪ್ಪಿಕೊಂಡವನನ್ನು ಬೀದಿಯ ಮಾತಾಗಿ ಮಾಡಬೇಡಿರಿ. ತಪ್ಪಿಹೋದ ಮಗನನ್ನು ತಂದೆಯು ದೂರದಲ್ಲಿಯೇ ಕಂಡು ಎದುರಿಗೆ ಓಡಿದನೆಂದು ಓದುತ್ತೇವೆ. ಲೆಕ್ಕ ಕೇಳುವದಕ್ಕಾಗಿ ಓಡಿದನೆಂದು ಓದುವದಿಲ್ಲ.

ಆ ವಿಧವೆಯ ಮಗನು ಈಗ ಕಡೆಯ ಸಾಲಿನಲ್ಲಿ ಕುಳಿತು ಆರಾಧನೆಗೆ ಬರುತ್ತಾನೆ. ಸಂಬಳವು ತಾಯಿಯ ಕೈಸೇರುತ್ತದೆ. ಸಾಲವು ಇನ್ನೂ ತೀರಿಲ್ಲ, ಓಲೆಗಳು ಇನ್ನೂ ಬಿಡಿಸಲ್ಪಟ್ಟಿಲ್ಲ. ಒಂದೆರಡು ಸಾರಿ ಎಡವಿದ್ದೂ ಉಂಟು. ಎಡವಿದ ದಿವಸವೇ ಬಂದು ಹೇಳಿದನು. ಗೆದ್ದವನೆಂದು ಅವನನ್ನು ನಿಮಗೆ ತೋರಿಸಲಾರೆನು; ದಾರಿಯಲ್ಲಿದ್ದಾನೆಂದು ಹೇಳಬಲ್ಲೆನು.

ಪ್ರಿಯರೇ, ಶಿಲುಬೆಯ ಬುಡಕ್ಕೆ ಒಮ್ಮೆ ಬಂದು ನಿಲ್ಲಿರಿ. ಮೇಲೆ ಲೋಕರಕ್ಷಕನು ಪ್ರಾಣವನ್ನು ಕೊಡುತ್ತಿದ್ದಾನೆ. ಕೆಳಗೆ ನಾಲ್ಕು ಮಂದಿ ಸಿಪಾಯಿಗಳು ಆತನ ಹೊಲಿಗೆಯಿಲ್ಲದ ಅಂಗಿಗಾಗಿ ಚೀಟು ಹಾಕುತ್ತಿದ್ದಾರೆ. ಅವರಲ್ಲಿ ಒಬ್ಬನು ಗೆದ್ದನು. ಒಂದು ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದನು. ಆದರೆ ಕಣ್ಣೆಲ್ಲಾ ಚೀಟಿನ ಮೇಲಿದ್ದದರಿಂದ, ತಲೆಯ ಮೇಲೆ ಅಷ್ಟು ಸಮೀಪದಲ್ಲಿ ಕ್ರಯವಿಲ್ಲದೆ ಕೊಡಲ್ಪಡುತ್ತಿದ್ದದ್ದನ್ನು ಅವರು ನೋಡಲಿಲ್ಲ. ಜೂಜುಗಾರನ ದೊಡ್ಡ ನಷ್ಟವು ಹಣವಲ್ಲ, ಇದೇ. ಮಗನ ಮುಖ, ಹೆಂಡತಿಯ ಕಣ್ಣೀರು, ದೇವರ ಕೃಪೆ, ಎಲ್ಲವೂ ತಲೆಯೆತ್ತಿದರೆ ಕಾಣುವಷ್ಟು ಹತ್ತಿರವಿದ್ದು ಅವನು ತಲೆಯೆತ್ತುವದಿಲ್ಲ.

ಅದೃಷ್ಟಕ್ಕೆ ಹಾಸಿದ ಮೇಜನ್ನು ಬಿಟ್ಟು ಏಳಿರಿ. ಮತ್ತೊಂದು ಮೇಜುಂಟು. ಅಲ್ಲಿ ಒಂದೇ ರೊಟ್ಟಿಯನ್ನು ಮುರಿದು ಎಲ್ಲರಿಗೂ ಕೊಡುತ್ತಾರೆ. ಒಬ್ಬನು ಪಡೆದದರಿಂದ ಇನ್ನೊಬ್ಬನಿಗೆ ಕಡಿಮೆಯಾಗುವದಿಲ್ಲ. ಸೋತು ಬಂದವನಿಗೂ ಅಲ್ಲಿ ಸ್ಥಳವುಂಟು. ಆ ಮೇಜಿಗೆ ಕರೆದಾತನು ನಮ್ಮ ಮನೆಗಳನ್ನೂ ನಮ್ಮ ಯೌವನಸ್ಥರನ್ನೂ ಕಾಪಾಡಲಿ. ಆಮೆನ್.